ನಾಲ್ಕನೆಯ ಪಂಪು

ಶಾಂತಯ್ಯನವರು ಮೂರನೆಯ ಪಂಪನ್ನು ಬಕೆಟ್ಟಿನಲ್ಲಿ ಮುಳುಗಿಸಿ ಕಾರಿನ ಬ್ಯಾಟರಿಗೆ ತಂತಿ ತಾಗಿಸಿದರು. ಅದು ಒಮ್ಮೆ ಗುರ್ರೆಂದು ಸುಮ್ಮನಾಯಿತು.

"ಇದು ಲಾರೀದು, ಕಾಕಾ," ಅಂದರು ಡಾಕ್ಟರ್ ಸೌರಭ, ಡಬ್ಬಿ ತಿರುಗಿಸಿ ನೋಡುತ್ತ. "ಇಪ್ಪತ್ನಾಕು ವೋಲ್ಟಿಂದು. ನಮ್ಮ ಗಾಡೀದು ಹನ್ನೆರಡು."

"ಹೌದೇನ್ರಿ? ನೋಡ್ರಿ ಆ ಹುಬ್ಬಳ್ಳಿ ಅಂಗಡ್ಯಾವ ಎಂಥಾದ್ದು ಕೊಟ್ಟಾನ." ಶಾಂತಯ್ಯನವರು ಉದ್ದಕ್ಕೆ ಉಸಿರು ಬಿಟ್ಟರು. "ಇರ್ಲಿ ಬಿಡ್ರಿ. ಇನ್ನೊಂದು ತರಸೂಣು."

ಧಾರವಾಡದ ಮಾಳಮಡ್ಡಿಯಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆಚೆ ಕಣ್ಣಿನ ಡಾಕ್ಟರ್ ಸೌರಭ, ಈಚೆ ಹತ್ತಿ ವ್ಯಾಪಾರಿ ಶಾಂತಯ್ಯ. ಡಾಕ್ಟರ ಕೆಂಪು ಕಾರು ವಿದೇಶದ್ದು, ಸೂಪರ್‌ಚಾರ್ಜರ್ ಇರುವಂಥದ್ದು. ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್, ಅದರೊಳಗೆ ನೀರು ತಿರುಗಿಸಲು ಅಂಗೈಯಗಲದ ಒಂದು ಪಂಪು. ಆ ಪಂಪು ಹೋಗಿದೆ, ಗಾಡಿ ಹೊರಗೆ ತೆಗೆಯುವಂತಿಲ್ಲ ಎಂದು ಡಾಕ್ಟರು ಹೇಳಿ ಹನ್ನೆರಡು ದಿನವಾಗಿತ್ತು. ಸರಿಯಾಗಿ ಹೇಳಬೇಕೆಂದರೆ, ಶಾಂತಯ್ಯನವರು ಮಗಳ ಮದುವೆಗೆ ಆ ಗಾಡಿ ಕೇಳಿದ ದಿನವೇ ಹೇಳಿದ್ದರು.

ಬರುವ ಶುಕ್ರವಾರ ಮಗಳು ಸೌಮ್ಯಾಳ ಮದುವೆ. ನಿಶ್ಚಯದ ದಿನ ಬೀಗರು ಪರಮೇಶಪ್ಪನವರು ಚಹಾ ಕುಡಿಯುತ್ತ ಕಿಟಕಿಯಿಂದ ಹೊರಗೆ ನೋಡಿ, "ಮದಿಮಗ ಅಂಥಾ ಗಾಡ್ಯಾಗ ಬಂದ್ರ ಛಲೋ ಕಾಣ್ತದ ನೋಡ್ರಿ" ಅಂದಿದ್ದರು. ಬೀಗರಿಗೆ, ಅದೂ ಚಹಾದ ಕಪ್ಪು ಕೈಯಲ್ಲಿದ್ದಾಗ, ಇಲ್ಲ ಅನ್ನುವ ಪದ್ಧತಿ ಧಾರವಾಡದಲ್ಲಿ ಇನ್ನೂ ಬಂದಿಲ್ಲ. "ಅದಕ್ಕೇನ್ರಿ, ಅದರಾಗ ಬರ್ತಾರ" ಎಂದುಬಿಟ್ಟರು ಶಾಂತಯ್ಯ.

ಅಡುಗೆಮನೆಯಲ್ಲಿದ್ದ ಹೆಂಡತಿ ದಾಕ್ಷಾಯಿಣಿಗೂ ಇದು ಕೇಳಿಸಿತು. ಶಾಂತಯ್ಯನವರ ಮನೆತನದ ಮದಿಮಕ್ಕಳೆಲ್ಲ ಗುಡಿಯಿಂದ ಮಂಟಪಕ್ಕೆ ಬಂದದ್ದು ಸುಳ್ಳ ಎಂಬ ಹಳ್ಳಿಯಲ್ಲಿರುವ ಅವಳ ಅಣ್ಣನ ಜೀಪಿನಲ್ಲಿ. ಅಂದಿನಿಂದ ಶಾಂತಯ್ಯನವರ ತಾಟಿಗೆ ರೊಟ್ಟಿ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಶುಕ್ರವಾರ ಆ ಗಾಡಿ ಬರದಿದ್ದರೆ ಇವರು ಬೀಗರೆದುರು ಹೇಗೆ ನಿಂತಾರು ಎಂದು ಓಣಿಯೆಲ್ಲ ಮರುಗಿತು. ಶಾಂತಯ್ಯನವರು ಪಂಪಿನ ಬೆನ್ನು ಹತ್ತಿದರು. ಹತ್ತಿಯ ಎಳೆ ಬೆರಳಲ್ಲಿ ಹೊಸೆದು ಅದು ಯಾವ ಹೊಲದ್ದೆಂದು ಹೇಳುವ ಮನುಷ್ಯ. ನಾಲ್ಕೇ ದಿನಕ್ಕೆ ಪಂಪಿನ ಪಂಡಿತರಾದರು. ನಿಮಿಷಕ್ಕೆ ಎಷ್ಟು ಲೀಟರ್, ಬಾಯಿ ಎಷ್ಟು ಇಂಚು, ಯಾವ ಮೋಟರು ಬೇಗ ಸವೆಯುತ್ತದೆ, ಎಲ್ಲ ಕಿಸೆಯ ಚೀಟಿಯಲ್ಲಿ. ಮಗಳ ಮದುವೆಯ ಯಾದಿಯೂ ಅಷ್ಟು ಚೊಕ್ಕ ಇರಲಿಲ್ಲ.

ಆದರೂ ನಸೀಬು ನೋಡಿ. ಮೊದಲನೆಯ ಪಂಪಿನ ಬಾಯಿ ಸಣ್ಣದು, ಪೈಪು ಕೂಡಲಿಲ್ಲ. ಎರಡನೆಯದು ಮೀನಿನ ತೊಟ್ಟಿಯದು, ಎಂಜಿನ್ನಿನ ಕಾವು ತಾಳುವಂಥದ್ದಲ್ಲ. ಮೂರನೆಯದು ಲಾರಿಯದು. ಪ್ರತಿಸಲ ಡಾಕ್ಟರು ಕನ್ನಡಕ ಏರಿಸಿ ದೋಷ ಹುಡುಕುತ್ತಿದ್ದರು. ಸಿಕ್ಕೊಡನೆ ಮುಖಕ್ಕೆ ಎಂಥದೋ ಕಳೆ ಬರುತ್ತಿತ್ತು. "ನನ್ನ ಗಾಡಿ ಸಲುವಾಗಿ ಎಷ್ಟು ತ್ರಾಸ ತಗೋಳಿಕ್ಕತ್ತೀರಿ ಕಾಕಾ" ಎಂದು ಚಹಾ ತರಿಸುತ್ತಿದ್ದರು.

ಬುಧವಾರ ಮುಂಜಾನೆ ನಾಲ್ಕನೆಯ ಪಂಪು ಕೊರಿಯರಿನಲ್ಲಿ ಬಂತು. ಅದನ್ನು ಜೋಡಿಸಲು ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಿಂದ ಮೆಕ್ಯಾನಿಕ್ ಮುಜಾಫರನೂ ಬಂದ. ಬಕೆಟ್ಟಿನಲ್ಲಿ ಇಟ್ಟು ತಂತಿ ತಾಗಿಸಿದ್ದೇ ತಡ, ನೀರು ಚಿಮ್ಮಿ ಕಂಪೌಂಡ್ ಗೋಡೆಗೆ ಬಡಿಯಿತು. ಪೈಪು ಕೂಡಿತು. ಸಾಕೆಟ್ಟು ಟಕ್ಕೆಂದು ಕೂತಿತು. ಡಾಕ್ಟರು ಡಬ್ಬಿಯ ಆರೂ ಮೈ ಓದಿದರು. ದೋಷ ಸಿಗಲಿಲ್ಲ.

"ಕೂಡ್ತೇನೋ?" ಶಾಂತಯ್ಯನವರು ಬಗ್ಗಿ ಕೇಳಿದರು.

"ಅಳತಿ ಕೊಟ್ಟು ಹೊಲಿಸಿದಂಗ ಐತ್ರಿ, ಸಾಹುಕಾರ್ರ," ಅಂದ ಮುಜಾಫರ.

ಶಾಂತಯ್ಯನವರು ಕಿಸೆಯ ಚೀಟಿ ತೆಗೆದು ಒಮ್ಮೆ ಓದಿದರು. ನೀರು ಕುಡಿದು ಬರುತ್ತೇನೆಂದು ಮನೆಗೆ ನಡೆದರು.

ಅವರು ಗೇಟು ದಾಟಿದ್ದೇ ಡಾಕ್ಟರು ಮುಜಾಫರನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. "ಹಳೇ ಪಂಪಿಗೆ ಏನೂ ಆಗಿಲ್ಲೋ. ಹೋದ ವರ್ಷ ಒಬ್ಬರ ಮದವಿಗೆ ಗಾಡಿ ಕೊಟ್ಟಿದ್ದೆ. ಬಾನೆಟ್ಟಿಗೆ ಗೋಂದು ಹಚ್ಚಿ ಹೂವು ಅಂಟಿಸಿ, ಹೂವಿನ ಜೋಡಿ ಬಣ್ಣಾನೂ ಕಿತ್ತು ಕಳಿಸಿದ್ರು. ಕಾಕಾಗ ಇಲ್ಲ ಅನ್ಲಿಕ್ಕೆ ಬಾಯಿ ಬರ್ಲಿಲ್ಲ. ಇದೂ ನಡಿಯೂದಿಲ್ಲ ಅಂತ ಹೇಳಿಬಿಡಪಾ."

ಮುಜಾಫರ ಕೈ ಒರೆಸಿಕೊಂಡ. "ಅದಕ್ಕೇನ್ರಿ ಡಾಕ್ಟರ್ ಸಾಹೇಬ್ರ, ಹೇಳೂಣು."

ಶಾಂತಯ್ಯನವರು ಮರಳಿ ಬಂದಾಗ ಮುಜಾಫರ ತಲೆಯಾಡಿಸಿದ. "ಒಳಗಿನ ಪಂಖಾ ಉಲ್ಟಾ ತಿರಗತೈತ್ರಿ. ಇದನ್ನ ಹಾಕಿದ್ರ ಎಂಜಿನ್ನ ಉಳಿಯಂಗಿಲ್ಲ."

ಡಾಕ್ಟರಿಗೆ ಶಾಂತಯ್ಯನವರ ಮುಖ ನೋಡಲಾಗಲಿಲ್ಲ. ಹೆಣ್ಣು ಹೆತ್ತ ಮನುಷ್ಯ, ಎರಡು ದಿನದಲ್ಲಿ ಮದುವೆ. ಚಹಾ ಹೇಳಿ ಬರುತ್ತೇನೆಂದು ಒಳಗೆ ಸರಿದರು.

ಬಾಗಿಲು ಮುಚ್ಚಿದ ಮೇಲೆ ಮುಜಾಫರ ಸ್ಪ್ಯಾನರು ಕೆಳಗಿಟ್ಟ. "ಸಾಹುಕಾರ್ರ, ಯಾವ ಯಾವ ಪಂಪು ಈ ಗಾಡಿಗೆ ಕೂಡಂಗಿಲ್ಲ ಅಂತ ಕೇಳಿ ನನ್ನ ಕಡೆಯಿಂದ ಚೀಟಿ ಬರಸ್ಕೊಂಡು ಹೋಗಿದ್ರಿ. ಮೂರು ಛಲೋ ಆರಿಸಿದ್ರಿ. ಇದೊಂದು ಹೆಂಗ ಕೂಡ್ತು?"

"ಏನ್ ಹೇಳ್ಲೋ, ಆ ಕಡೆ ನಮ್ಮ ಮನ್ಯಾಕಿ ಅಣ್ಣನ ಜೀಪಿಗೆ ಹೂವು ಹೇಳಿ ಬಂದೇನಿ," ಶಾಂತಯ್ಯನವರು ಹಣೆಯ ಬೆವರು ಒರೆಸಿಕೊಂಡರು, "ಸಣ್ಣ ಬಾಯೀದ ಕಳಸಪಾ ಅಂತ ಅಂಗಡ್ಯಾವಗ ಮೂರು ಸಲ ಹೇಳಿದ್ದೆ, ಅಂವ ತಪ್ಪಿ ಸರೀದು ಕಳಿಸ್ಯಾನ, ಈಗಿನ ಮಂದೀನ ಹೆಂಗ ನಂಬೂದು."