ನಾಲ್ಕನೇ ಬಾಗಿಲು

ಮಳೆನೀರಿನ ಹೊಂಡದ ಮೂರು ತೂಬಿನ ಬಾಗಿಲು ಮುಚ್ಚಿದವು. ನಾಲ್ಕನೆಯದು ಮೊಳದಷ್ಟು ಇಳಿದು ನಿಂತುಬಿಟ್ಟಿತು. ಕೆಳಗೆ ಒಂದು ಬದಿಗೆ ಹೂಳು ಗಟ್ಟಿಯಾಗಿತ್ತು. ಕಾವಲುಗಾರ ಜಟ್ಟೆಪ್ಪ ಬಾಗಿಲು ಇಳಿಸುವ ಚಕ್ರಕ್ಕೆ ಎದೆ ಕೊಟ್ಟು ನೂಕಿದ. ಅಲುಗಲಿಲ್ಲ.

ಮರಾಠಿ ನಾಡಿನ ಕಳಂಬೋಲಿಯ ಅಂಚಿನ ಈ ಹೊಂಡಕ್ಕೆ ಊರಿನ ಮಳೆನೀರೆಲ್ಲ ಬಂದು ಸೇರುತ್ತದೆ. ಸಮುದ್ರ ಇಳಿದಾಗ ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿಗೆ, ಹರಿದು ಹೋಗುತ್ತದೆ. ಸಮುದ್ರದ ಭರತ ಏರುವ ಹೊತ್ತಿಗೆ ಬಾಗಿಲು ಮುಚ್ಚದಿದ್ದರೆ ಖಾಡಿಯೇ ಒಳಗೆ ಬರುತ್ತದೆ. ಇವತ್ತು ಪೂರ್ತಿ ಭರತ ಮಧ್ಯಾಹ್ನ ಒಂದೂವರೆಗೆ. ಆಗಲೇ ಹನ್ನೆರಡೂ ಮುಕ್ಕಾಲು. ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಹೊಂಡದ ಬದಿಯ ತಗಡಿನ ಮನೆಗಳಲ್ಲಿ ಜಟ್ಟೆಪ್ಪನದೂ ಒಂದು. ಹೆಂಡತಿ ಮರಗಮ್ಮ ಅಲ್ಲಿದ್ದಳು.

ಇಂಜಿನಿಯರ್ ಅನಿಲಕುಮಾರರಿಗೆ ಫೋನ್ ಹಚ್ಚಿದ. ಕಲಬುರಗಿಯವರು, ಕನ್ನಡದಲ್ಲೇ ಮಾತು.

“ಸಾಹೇಬ್ರ, ಚಾರ್ ನಂಬರ್ ಬಾಗ್ಲಾ ಸಿಕ್ಕೊಂಡದ್ರಿ. ಹೂಳು ತೆಗಸ್ರಿ ಅಂತ ಏಪ್ರಿಲ್‌ನಾಗೇ ಹೇಳಿದ್ದೆ.”

“ಟೆಂಡರ್ ಆಗ್ಯಾದೋ. ಮಳಿಗಾಲ ಮುಗಿದ ಕೂಡ್ಲೇ ತೆಗಿತಾರ.”

“ಸೈರನ್ ಒತ್ತಲೇನ್ರಿ? ಮಂದಿಯರ ಎದ್ದು ಹೋಗ್ಲಿ.”

“ಆರ್ಡರ್ ಇಲ್ದ ಒತ್ತಬ್ಯಾಡ. ಮ್ಯಾಲ ಕೇಳಿ ಹೇಳ್ತೀನಿ.”

ಹತ್ತು ನಿಮಿಷವಾದರೂ ಫೋನ್ ಬರಲಿಲ್ಲ. ತಾನೇ ಮಾಡಿದರೆ ಎಂಗೇಜ್. ಬಾಗಿಲ ಕೆಳಗಿನ ಸಂದಿಯಲ್ಲಿ ಹೊರಗೆ ಹೋಗುತ್ತಿದ್ದ ನೀರು ಒಂದು ಗಳಿಗೆ ನಿಂತಿತು. ಆಮೇಲೆ ಕಪ್ಪು ಕೆಸರೆಬ್ಬಿಸುತ್ತ ಒಳಗೆ ತಿರುಗಿತು. ಅವನದು ಗುತ್ತಿಗೆಯ ನೌಕರಿ, ನಾಳೆ ಬರಬೇಡ ಅಂದರೆ ಮುಗಿಯಿತು. ಜಟ್ಟೆಪ್ಪ ಸೈರನ್ ಒತ್ತಿ ಮನೆಗಳ ಕಡೆ ಓಡಿದ.

ಅವನು ಮುಟ್ಟುವಷ್ಟರಲ್ಲಿ ಮನೆಗಳು ಖಾಲಿಯಾಗಿದ್ದವು. ಸದ್ಯ, ಹೋದರಲ್ಲ ಎಂದು ಉಸಿರುಬಿಟ್ಟ. ಮರುಕ್ಷಣ ಕಂಡಿತು. ಎಲ್ಲರೂ ಹೊಂಡದ ಪಕ್ಕದ ಮೈದಾನದಲ್ಲಿ ಕೈ ಕೈ ಹಿಡಿದು ಸಾಲಾಗಿ ನಿಂತಿದ್ದರು. ಪ್ರವಾಹ ಬಂದರೆ ಏನು ಮಾಡಬೇಕೆಂದು ಮೇ ತಿಂಗಳಲ್ಲಿ ಅಧಿಕಾರಿಗಳು ಹೀಗೆ ಸಾಲು ನಿಲ್ಲಿಸಿ ಕಲಿಸಿದ್ದು ಅಲ್ಲೇ. ಅವರ ಗಾಡಿ ಬರುತ್ತಿದ್ದುದು ಅಲ್ಲಿಯವರೆಗೆ ಮಾತ್ರ. ಇಡೀ ಕೇರಿಯಲ್ಲಿ ಅದಕ್ಕಿಂತ ತಗ್ಗಿನ ಜಾಗ ಬೇರೆ ಇರಲಿಲ್ಲ.

“ಹೈವೇ ಹತ್ರಿ! ನೀರು ಇಲ್ಲಿಗೇ ಬರ್ತದ!” ಜಟ್ಟೆಪ್ಪ ಕೂಗಿದ.

ಯಾರೂ ಕದಲಲಿಲ್ಲ. “ಸಾಹೇಬ್ರು ಬಂದು ಎಣಿಸೂ ತನಕ ಸಾಲು ಬಿಡಬಾರ್ದು ಅಂದಾರಲ್ಲ?” ಅಂದಳು ಮರಗಮ್ಮ, ಬೆದರಿದ ಕಣ್ಣಿನಲ್ಲಿ.

ಜಟ್ಟೆಪ್ಪ ಸಾಲಿನ ತುದಿಗಿದ್ದ ಅವಳತ್ತ ನುಗ್ಗಿದ. ಅವಳ ಕೈ ಹಿಡಿದು ಎಳೆದ. ಕೈಗೆ ಕೈ ಜಗ್ಗಿ ಇಡೀ ಸಾಲು ಹೈವೇಯ ಏರಿನತ್ತ ಹೊರಳಿತು. ಮುಂದಿನವರು ಡಾಂಬರು ಮುಟ್ಟುವಾಗ ಕಟ್ಟಕಡೆಯ ಮುದುಕಿಗೆ ನೀರು ಮೊಣಕಾಲಿನವರೆಗೆ ಬಂದಿತ್ತು. ಮೊಮ್ಮಗಳು ಎಳೆದಂತೆ ಅವಳು ಹೆಜ್ಜೆ ಹಾಕುತ್ತಿದ್ದಳು. ಮುಖ ಮಾತ್ರ ಹಿಂದಕ್ಕೆ, ಅಧಿಕಾರಿಗಳ ಗಾಡಿ ಬರುವ ದಾರಿಯ ಕಡೆಗಿತ್ತು.