ಗಾಲಿಮನೆಯ ಮಂಚ

ಏಪ್ರಿಲ್ ತಿಂಗಳು, ಬೆಳಗಿನ ತಿಂಡಿಯ ಹೊತ್ತು. ಜೀಪಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಯಲ್ಲಿ, ಒಂದರ ಮೇಲೊಂದಿರುವ ಮಕ್ಕಳ ಮಂಚಗಳನ್ನು ಉದ್ದ ಮಾಡಲು ಯಜಮಾನರು ಬಡಗಿಯಾದ ನನ್ನನ್ನು ಕರೆಸಿದ್ದರು. ಮಕ್ಕಳು ಬೆಳೆದಂತೆಲ್ಲ ಪ್ರತಿ ಬೇಸಿಗೆಯೂ ಇದೇ ಕೆಲಸ. ಗಾಡಿ ಮಾತ್ರ ಅಂಗಳ ಬಿಟ್ಟಿರಲಿಲ್ಲ, ಮಕ್ಕಳು ಸಮುದ್ರ ಕಂಡಿರಲಿಲ್ಲ.

“ಈ ಸಲನಾದ್ರೂ ಕಾರವಾರಕ್ಕೆ ಹೋಗ್ತೀವಾ ಅಪ್ಪಾ?” ಎಂದಳು ಮಗಳು.

“ಕಾಲು ಮಡಚ್ಕೊಂಡು ಮಲಗ್ತೀಯೇನೇ? ಮಂಚ ಸರಿಹೋಗ್ಲಿ, ಆಮೇಲೆ ನೋಡೋಣ,” ಎಂದು ಅವರು ಪೇಪರು ಬಿಡಿಸಿದರು.

ಅಮ್ಮಾವರು ನನ್ನ ಹತ್ತಿರ ಬಂದರು. “ಮೇಸ್ತ್ರಿ, ಆ ದೊಡ್ಡ ಮಂಚ ಕಿತ್ತುಬಿಡಿ. ಮಕ್ಕಳ ಮಂಚ ಆ ಗೋಡೆವರೆಗೂ ಬರ್ಲಿ.”

“ಅದು ಯಜಮಾನರ ಮಂಚ ಅಲ್ವಾ ತಾಯಿ?”

“ಅವ್ರು ಬೆಳೆಯೋದು ನಿಂತು ಎಷ್ಟೋ ವರ್ಷ ಆಯ್ತು ಬಿಡಿ.”

ಬುಧವಾರ ಸಂಜೆ ಕೆಲಸ ಮುಗಿಯಿತು. ಯಜಮಾನರು ಒಳಗೆ ಇಣುಕಿದರು. ಮುಖ ಅರಳಿತು.

“ಅಯ್ಯೋ, ನನಗೇ ಜಾಗ ಇಲ್ವಲ್ಲೇ! ಇನ್ನು ಹೋಗೋದು ಹೇಗೆ? ಮುಂದಿನ ವರ್ಷ ಗಾಡಿನೇ ದೊಡ್ಡದು ಮಾಡಿಸೋಣ.”

“ಹಾಗೇ ಮಾಡಿಸಿ,” ಎಂದರು ಅಮ್ಮಾವರು.

ಗುರುವಾರ ಬೆಳಿಗ್ಗೆ, ಯಜಮಾನರು ಏಳುವ ಮೊದಲೇ, ಅಮ್ಮಾವರು ಗಾಲಿಮನೆಯನ್ನು ಜೀಪಿಗೆ ಕಟ್ಟಿ, ತಾವೇ ಓಡಿಸಿಕೊಂಡು ಮಕ್ಕಳೊಂದಿಗೆ ಕಾರವಾರಕ್ಕೆ ಹೊರಟುಹೋದರು.