ಚುಕ್ಕಿಯ ಆಚೆ ಏನಿದೆ

"4.7, 4.25. ಎರಡರಲ್ಲಿ ದೊಡ್ಡದು ಯಾವುದು?"

ಬರೆದು ಮುಗಿಸಿ ಒಪಾಂಗ ಮೇಷ್ಟ್ರು ತಿರುಗಿದರೆ ಆರನೇ ತರಗತಿಯ ಮೂವತ್ತೆಂಟು ಕೈಗಳೂ ಮೇಲೆದ್ದಿದ್ದವು. "4.25!" ಎಂದು ತರಗತಿ ಒಂದೇ ಬಾಯಲ್ಲಿ ಕೂಗಿತು. ಮೇಷ್ಟ್ರಿಗೆ ಒಳಗೊಳಗೇ ಖುಷಿಯಾಯಿತು. ದಶಾಂಶದ ಪಾಠದಲ್ಲಿ ಮಕ್ಕಳು ಇದೇ ತಪ್ಪು ಮಾಡುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರು, ಮಕ್ಕಳು ಆ ಮಾತು ಉಳಿಸಿದ್ದರು. ಸರೋವರದ ಸೀಮೆಯಿಂದ ಅವರು ಈ ಬೆಟ್ಟದ ಶಾಲೆಗೆ ಬಂದು ಎರಡು ವಾರವಾಗಿತ್ತಷ್ಟೇ.

"ಏಳಕ್ಕಿಂತ ಇಪ್ಪತ್ತೈದು ದೊಡ್ಡದು ಅಂತ ಮೋಸ ಹೋಗ್ಬೇಡಿ. ಏಳರ ಬಾಲಕ್ಕೊಂದು ಸೊನ್ನೆ ಹಚ್ಚಿ. ಈಗ 4.70 ಆಯ್ತಾ? ಎಪ್ಪತ್ತು ದೊಡ್ಡದೋ, ಇಪ್ಪತ್ತೈದೋ?"

ಮೊದಲ ಬೆಂಚಿನ ಜೆಬಿವೊಟ್ ಎದ್ದು ನಿಂತಳು. "ಎಪ್ಪತ್ತು ಹೆಂಗ್ ಬರತ್ತೆ ಮೇಷ್ಟ್ರೇ? ಅರವತ್ತಕ್ಕೇ ಐದಾಗ್ಬಿಡತ್ತಲ್ಲ?"

"ಅರವತ್ತಕ್ಕಲ್ಲಮ್ಮಾ, ನೂರಕ್ಕೆ! ಬೆಳಗಿನ ಚಹಾ ಕುಡಿದ್ಯೋ ಇಲ್ವೋ?" ತರಗತಿ ನಕ್ಕಿತು. "ಹೋಗ್ಲಿ, ನಿಮ್ಮಮ್ಮ ಡೈರಿಗೆ 4.7 ಲೀಟರ್ ಹಾಲು ಹಾಕ್ತಾಳೆ, ಪಕ್ಕದ ಮನೆಯವಳು 4.25. ಯಾರದ್ದು ಜಾಸ್ತಿ?"

"ಅಮ್ಮಂದೇ." ಜೆಬಿವೊಟ್ ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದಳು. "ಹಾಲಾದ್ರೆ ಸರಿ ಮೇಷ್ಟ್ರೇ" ಎಂದು ಕೂತಳು. ಹಾಲಲ್ಲದಿದ್ದರೆ ಏನು ಎಂದು ಮೇಷ್ಟ್ರು ಕೇಳಲಿಲ್ಲ. ಕೇಳಬೇಕಿತ್ತು.

ಮಧ್ಯಾಹ್ನ ಜಿಲ್ಲಾ ಕ್ರೀಡಾಕೂಟದ ಅರ್ಜಿ ಅವರ ಕೈಗೇ ಬಂತು. ಡ್ರಿಲ್ ಮಾಸ್ತರ್ ಯಾತೊರ್ ಕಣಿವೆಯಾಚೆ ಸಾವಿನ ಮನೆಗೆ ಹೋಗಿದ್ದರು, ಫೋನು ಹತ್ತುತ್ತಿರಲಿಲ್ಲ. ಅರ್ಜಿ ಒಯ್ಯುವ ಬೈಕಿನವನು ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದ. ಹುಡುಗಿಯರ ಸಾವಿರದೈನೂರು ಮೀಟರಿಗೆ ಒಂದೇ ಹೆಸರು ಕಳಿಸಬೇಕು. ಅಲ್ಲಿ ಗೆದ್ದವಳಿಗೆ ಪೇಟೆಯ ದೊಡ್ಡ ಶಾಲೆ ಊಟ, ವಸತಿ ಕೊಟ್ಟು ಓದಿಸುತ್ತದೆ. ಹಾಗಾಗದಿದ್ದರೆ ಈ ವರ್ಷಕ್ಕೆ ಓದು ಸಾಕು ಎಂದು ಜೆಬಿವೊಟ್‌ಳ ಅಪ್ಪ ಹೇಳಿಬಿಟ್ಟಿದ್ದ. ಆಯ್ಕೆಯ ಓಟ ಹಿಂದಿನ ದಿನವೇ ಮುಗಿದಿತ್ತು. ಆ ಹೊತ್ತಿಗೆ ಒಪಾಂಗ ಮೇಷ್ಟ್ರು ಪೇಟೆಯಲ್ಲಿ ಹಾಸಿಗೆ ಕೊಳ್ಳುತ್ತಿದ್ದರು. ಈಗ ಅವರ ಮುಂದಿದ್ದದ್ದು ಯಾತೊರ್ ಹಾಜರಿಯ ಕ್ರಮದಲ್ಲಿ ಹೆಸರು, ಓಟದ ಹೊತ್ತು ಬರೆದಿಟ್ಟುಹೋದ ಚೀಟಿ ಮಾತ್ರ: ಚೆಸಾಂಗ್ 5.35, ಜೆಬಿವೊಟ್ 5.8, ಕೆಳಗೆ ಇನ್ನೂ ಮೂರು ಹೆಸರು.

ಬೆಳಗಿನ ಪಾಠ ಎಷ್ಟು ತಲೆಗೆ ಹತ್ತಿದೆ ನೋಡೋಣ ಎಂದು ಮೇಷ್ಟ್ರಿಗೆ ಹುರುಪು ಬಂತು. "ಜೆಬಿವೊಟ್, ಬಾ ಇಲ್ಲಿ. ಈ ಚೀಟಿಯ ಮೊದಲ ಎರಡರಲ್ಲಿ ಚಿಕ್ಕದು ಯಾವುದು, ನೀನೇ ಹೇಳು."

ಅವಳು ಎರಡೂ ಸಂಖ್ಯೆ ಬೋರ್ಡಿನ ಮೇಲೆ ಬರೆದಳು. ಒಮ್ಮೆ ಮೇಷ್ಟ್ರ ಮುಖ ನೋಡಿದಳು. ಆಮೇಲೆ ತನ್ನ ಎಂಟರ ಪಕ್ಕ ಒಂದು ಸೊನ್ನೆ ಸುತ್ತಿದಳು. "ಚೆಸಾಂಗ್‌ದು ಚಿಕ್ಕದು ಮೇಷ್ಟ್ರೇ."

"ಭೇಷ್! ತನ್ನ ಹೆಸರಿದ್ರೂ ಲೆಕ್ಕ ತಪ್ಪಲಿಲ್ಲ ನೋಡಿ!" ಮೇಷ್ಟ್ರು ಚಪ್ಪಾಳೆ ತಟ್ಟಿದರು. ತರಗತಿಯಲ್ಲಿ ಒಬ್ಬರೂ ತಟ್ಟಲಿಲ್ಲ. ಹಿಂದಿನ ಬೆಂಚಿನಲ್ಲಿ ಚೆಸಾಂಗ್ ಮಾತ್ರ "ನಾನಾ?" ಎಂದು ಅಕ್ಕಪಕ್ಕ ನೋಡುತ್ತಿದ್ದಳು. ಮೇಷ್ಟ್ರು ಅವಳ ಹೆಸರು ತುಂಬಿ, ಸಹಿ ಹಾಕಿ, ಅರ್ಜಿಯನ್ನು ಬೈಕಿನವನಿಗೆ ಕೊಟ್ಟು ಬಂದರು.

ಶಾಲೆ ಬಿಟ್ಟ ಮೇಲೂ ಜೆಬಿವೊಟ್ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಅತ್ತಂತೆ ಕಾಣಲಿಲ್ಲ. ಅವಳಿಗೆ ಏನೋ ಅರ್ಥವಾಗಿರಲಿಲ್ಲ, ಅಷ್ಟೇ.

"ಮೇಷ್ಟ್ರೇ, ಒಂದು ಕೇಳ್ಲಾ? ನಿನ್ನೆ ನಾನು ಓಡಿದ್ದು ಐದು ನಿಮಿಷ, ಎಂಟು ಸೆಕೆಂಡು. ಇವತ್ತು ಅದು ಹೆಂಗೆ ನಿಧಾನ ಆಯ್ತು?"

"ಎಂಟು ಸೆಕೆಂಡಾ?"

"ಚುಕ್ಕಿ ಈಚೆ ನಿಮಿಷ, ಆಚೆ ಸೆಕೆಂಡು. ನಮ್ಮೂರಲ್ಲಿ ಓಟದ ಟೈಮು ಎಲ್ಲಾರೂ ಹಂಗೇ ಬರೆಯೋದು."

ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು ಮೇಲಿಂದ ಕೆಳಗೆ ಬೆರಳಾಡಿಸಿದರು. 5.35, 5.8, 5.52, 5.59, 6.10. ಚುಕ್ಕಿಯ ಆಚೆ ಎಲ್ಲಿಯೂ ಐವತ್ತೊಂಬತ್ತನ್ನು ದಾಟಿದ ಅಂಕಿಯಿರಲಿಲ್ಲ. ಬೈಕು ಹೋಗಿ ಎರಡು ಗಂಟೆ ಕಳೆದಿತ್ತು.

"ಹಾಗಾದ್ರೆ ನಿನ್ನೆ ಮೊದಲು ಬಂದಿದ್ದು ಯಾರು?"

"ನಾನೇ. ಚೆಸಾಂಗ್ ಇನ್ನೂ ತಿರುವಿನಲ್ಲಿದ್ಲು."

"ಅಯ್ಯೋ ಮಗಳೇ, ಎಲ್ಲಾ ಗೊತ್ತಿದ್ದೂ ಬೋರ್ಡಿನ ಹತ್ರ ಸುಮ್ಮನೆ ನಿಂತ್ಯಲ್ಲ! ನಾನೇ ಗೆದ್ದಿದ್ದು ಅಂತ ಒಂದು ಮಾತು ಹೇಳ್ಬಾರದಿತ್ತಾ?"

ಜೆಬಿವೊಟ್ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿದಳು.

"ನೀವು ಯಾರು ಗೆದ್ರು ಅಂತ ಕೇಳ್ಲಿಲ್ಲವಲ್ಲ ಮೇಷ್ಟ್ರೇ. ಯಾವುದು ಚಿಕ್ಕದು ಅಂತ ಕೇಳಿದ್ರಿ."